ನಿಂತ ಗಾಡಿಯಲ್ಲಿ ಒಡೆದ ಲಿಂಕು: ಹಳೇ ಚೈನ್ ಡೋಜರ್ ಒಂದರ ವೆಲ್ಡಿಂಗ್ ಪ್ರಕರಣ

ಊರಿನ ಹೆಸರು, ಆಳಿನ ಹೆಸರು, ಗಾಡಿಯ ಕಂಪನಿ ಮೂರನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಕೆಲವು ಚಹರೆಗಳನ್ನೂ ಬದಲಿಸಿದ್ದೇನೆ. ಮಂಡ್ಯ ಜಿಲ್ಲೆ ಅನ್ನುವುದನ್ನು ಮಾತ್ರ ಉಳಿಸಿಕೊಂಡೆ. ಅಲ್ಲಿನ ಜಿಗುಟು ಮಣ್ಣು, ನಾಲೆ ನೀರು, ಪಕ್ಕದಲ್ಲೊಂದು ಆಲೆಮನೆ ಇಲ್ಲದಿದ್ದರೆ ಈ ಕೆಲಸ ಹೀಗೆ ನಡೆಯುತ್ತಲೇ ಇರಲಿಲ್ಲ. ನಾನು ಐಟಿಐಯಲ್ಲಿ ವೆಲ್ಡಿಂಗ್ ಹೇಳಿಕೊಡುತ್ತಿದ್ದವನು, ಈಗ ನಿವೃತ್ತ. ಕರೆದರೆ ಹೋಗಿ ನೋಡುತ್ತೇನೆ, ಮನಸ್ಸಾದರೆ ಕೈಯನ್ನೂ ಹಾಕುತ್ತೇನೆ. ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮುಚ್ಚಿಟ್ಟಿಲ್ಲ.

ಗಾಡಿ, ಅದರ ಕೆಲಸ

ಸುಮಾರು 12 ಟನ್ ತೂಕದ ಚೈನ್ ಡೋಜರ್. ವಯಸ್ಸು ಮೂವತ್ತು ದಾಟಿದೆ. ಯಜಮಾನರು ಹರಾಜಿನಲ್ಲಿ ಹಿಡಿದು ತಂದದ್ದು. ಎಂಜಿನ್ನು ಚೆನ್ನಾಗಿತ್ತು, ಕೆಳಗಿನ ಚೈನು ಮಾತ್ರ ಅದಾಗಲೇ ಒಂದು ಆಯಸ್ಸು ಮುಗಿಸಿತ್ತು. ಕೆಲಸ ಅಂದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಗದ್ದೆ ಮಟ್ಟ ಮಾಡುವುದು, ಹಳೇ ಕಬ್ಬಿನ ಕೂಳೆ ತೆಗೆದ ಹೊಲವನ್ನು ಸಮ ಮಾಡುವುದು, ಬೇಸಿಗೆಯಲ್ಲಿ ಕೆರೆ ಹೂಳು ತಳ್ಳುವುದು.

ಊರಿಗೆ ಹತ್ತು ಜೆಸಿಬಿ ಇರುವಾಗ ಇದು ಯಾಕೆ ಅಂತ ಕೇಳುವವರಿದ್ದಾರೆ. ಲೆಕ್ಕ ಸುಲಭ. ಒಂದೊಂದು ಚೈನು 40 ಸೆಂ.ಮೀ. ಅಗಲ, ನೆಲಕ್ಕೆ ತಾಗುವ ಉದ್ದ ಸುಮಾರು 2.2 ಮೀಟರ್. ಎರಡೂ ಸೇರಿದರೆ 17,600 ಚದರ ಸೆಂ.ಮೀ. ಗಾಡಿಯ 12,000 ಕೆಜಿಯನ್ನು ಅಷ್ಟಕ್ಕೆ ಹಂಚಿದರೆ ಚದರ ಸೆಂ.ಮೀ.ಗೆ 0.7 ಕೆಜಿಯೂ ಬೀಳುವುದಿಲ್ಲ. ಟೈರು ಹೂತುಹೋಗುವ ಹಸಿ ಮಣ್ಣಿನಲ್ಲಿ ಇದು ಕೆಸರಿನ ಮೇಲೆ ಹಲಗೆ ಹಾಸಿಕೊಂಡು ನಡೆದ ಹಾಗೆ ನಡೆಯುತ್ತದೆ.

ಆ ಹಲಗೆಗಳೇ ಚೈನಿನ ಪ್ಲೇಟುಗಳು. ಒಂದೊಂದು ಪ್ಲೇಟು ನಾಲ್ಕು ಬೋಲ್ಟಿನಲ್ಲಿ ಒಂದು ಜೊತೆ ಲಿಂಕಿನ ಮೇಲೆ ಕೂತಿರುತ್ತದೆ. ಲಿಂಕಿಗೂ ಲಿಂಕಿಗೂ ನಡುವೆ ಪಿನ್ನು, ಪಿನ್ನಿನ ಸುತ್ತ ಬುಶ್ಶು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಬುಶ್ಶನ್ನು ಹಿಡಿದು ಎಳೆಯುತ್ತದೆ, ಕೆಳಗಿನ ರೋಲರುಗಳು ಲಿಂಕಿನ ಬೆನ್ನ ಮೇಲೆ ಉರುಳುತ್ತವೆ. ಅಂದರೆ ಡೋಜರ್ ಎಂಬುದು ತನ್ನ ರೈಲುಕಂಬಿಯನ್ನು ತಾನೇ ಮುಂದೆ ಹಾಸಿಕೊಂಡು, ಹಿಂದಿನಿಂದ ಸುತ್ತಿಕೊಂಡು ಹೋಗುವ ಗಾಡಿ. ಕಂಬಿಯ ಒಂದು ತುಂಡು ಬಿರುಕು ಬಿಟ್ಟರೆ ಪ್ರತಿ ಸುತ್ತಿಗೂ ಎಲ್ಲಾ ರೋಲರೂ ಸರದಿಯಲ್ಲಿ ಬಂದು ಅದೇ ಬಿರುಕಿಗೆ ಗುದ್ದುತ್ತವೆ.

ಒಡೆದದ್ದು ಏನು

ಯುಗಾದಿ ಕಳೆದು ಕೆಲವು ವಾರಕ್ಕೆ ಎಡಗಡೆ ಚೈನಿನ ಒಂದು ಲಿಂಕು ಬೋಲ್ಟಿನ ತೂತಿನಿಂದ ಶುರುವಾಗಿ ಬೆನ್ನಿನವರೆಗೂ ಸೀಳಿತು. ಅದೇ ಕಡೆ ಎರಡು ಪ್ಲೇಟೂ ಬೋಲ್ಟಿನ ಸಾಲಿನಲ್ಲಿ ಒಡೆದಿದ್ದವು. ಚೈನು ಇನ್ನೂ ಕಳಚಿರಲಿಲ್ಲ. ಜೊತೆ ಲಿಂಕು ಒಂದೇ ಭಾರ ಹೊತ್ತುಕೊಂಡು ಓಡುತ್ತಿತ್ತು.

ಯಜಮಾನರಿಗೆ ಅವಸರ. ಕನ್ನಂಬಾಡಿ ಕಟ್ಟೆ ತುಂಬುತ್ತಾ ಬಂದು ನಾಲೆಗೆ ನೀರು ಬಿಟ್ಟರೆ ಬಯಲಿನಲ್ಲಿ ಮಟ್ಟದ ಕೆಲಸ ಮುಗಿಯಿತು, ಆಮೇಲೆ ನಾಟಿ ಮಾಡುವವರು ಗಾಡಿಯನ್ನು ಗದ್ದೆಗೆ ಬಿಡುವುದಿಲ್ಲ. ಹಾಗಾಗಿ ಮಳೆಗಾಲ ಹತ್ತಿರವಾದಂತೆ ಅವರು ದಿನಾ ಬೆಳಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಕಟ್ಟೆಯ ಮಟ್ಟ. ಪೂರ್ತಿ ಮಟ್ಟ 124.80 ಅಡಿ ಅಂತ ಮಂಡ್ಯದ ಶಾಲೆ ಮಕ್ಕಳೂ ಹೇಳುತ್ತಾರೆ, ಇವರಿಗೆ ನಡುವಿನ ಒಂದೊಂದು ಅಡಿಯೂ ದುಡ್ಡಿನ ಲೆಕ್ಕ. ಹೊಸ ಚೈನಿನ ಬೆಲೆ ವಿಚಾರಿಸಿದರು. ಗಾಡಿ ಕೊಂಡದ್ದರ ಅರ್ಧದ ಹತ್ತಿರ ಬಂತು. ಸರಿ, ವೆಲ್ಡಿಂಗ್ ಮಾಡಿಸೋಣ ಎಂದಾಯಿತು.

ಮೊದಲ ವೆಲ್ಡಿಂಗು

ಹತ್ತಿರದ ಅಂಗಡಿಯಿಂದ ಹುಡುಗ ಬಂದ. ಗೇಟು, ಟ್ರೇಲರು, ನೇಗಿಲು ಮಾಡುವುದರಲ್ಲಿ ಅವನ ಕೈ ಒಳ್ಳೆಯದು, ನಾನು ಆಮೇಲೆ ಅವನ ಕೆಲಸ ನೋಡಿದ್ದೇನೆ. ಎಸಿ ಟ್ರಾನ್ಸ್‌ಫಾರ್ಮರ್ ಸೆಟ್ಟು, ಮಾಮೂಲಿ 6013 ರಾಡು. ಬಿರುಕಿನುದ್ದಕ್ಕೂ ಗ್ರೈಂಡರಿನಲ್ಲಿ ಸಣ್ಣ ತೋಡು ಹೊಡೆದು, ಗಾಡಿಯ ಮೇಲಿದ್ದ ಹಾಗೇ ಲಿಂಕನ್ನು ಮುಚ್ಚಿದ. ಅರ್ಧಕ್ಕೆ ಪಂಪ್‌ಸೆಟ್ ಲೈನಿನ ತ್ರೀ-ಫೇಸ್ ಹೋಯಿತು. ಮತ್ತೆ ಬಂದಾಗ ತಣ್ಣಗಾಗಿದ್ದ ಲಿಂಕಿನ ಮೇಲೇ ಉಳಿದದ್ದನ್ನು ತುಂಬಿದ. ಪ್ಲೇಟು ಬೇಗ ಕೂರಿಸಬೇಕಲ್ಲ, ಒಂದು ಬಕೆಟ್ ನಾಲೆ ನೀರು ಸುರಿದರು.

ಮಾರನೇ ದಿನ ಅರ್ಧ ದಿನ ಕೆಲಸ ಮಾಡಿ ಗಾಡಿಯನ್ನು ಬದುವಿನ ಪಕ್ಕ ನಿಲ್ಲಿಸಿದರು. ಆಪರೇಟರ್ ಅಲ್ಲೇ ಗುಡಿಸಲಲ್ಲಿ ಮಲಗಿದ್ದ. ರಾತ್ರಿ ಶಬ್ದ ಬಂತು. "ಟಣ್ ಅಂತು ಕಣಣ್ಣ, ದೇವಸ್ಥಾನದ ಗಂಟೆಗೆ ಒಂದೇ ಏಟು ಹೊಡ್ದಂಗೆ" ಅಂತ ಅವನು ನನಗೆ ಹೇಳಿದ್ದು. ಬ್ಯಾಟರಿ ಹಾಕಿಕೊಂಡು ಹೋಗಿ ನೋಡಿದರೆ ಯಾರೂ ಇಲ್ಲ. ಬೆಳಗ್ಗೆ ಲಿಂಕು ಒಡೆದಿತ್ತು.

ಯಜಮಾನರಿಗೂ ಪಕ್ಕದ ಆಲೆಮನೆಯವರಿಗೂ ಬದುವಿನ ಗಲಾಟೆ ಮೊದಲಿಂದ ಇತ್ತು. ನಿಂತ ಗಾಡಿ ತಾನಾಗೇ ಒಡೆಯುತ್ತದೆ ಅಂದರೆ ಯಾರು ನಂಬುತ್ತಾರೆ? ರಾತ್ರಿ ಬಂದು ಸುತ್ತಿಗೆಯಲ್ಲಿ ಹೊಡೆದಿದ್ದಾರೆ ಅಂತ ಊರೆಲ್ಲಾ ಆಯಿತು. ಠಾಣೆಗೆ ಕೊಡಲು ಅರ್ಜಿಯನ್ನೂ ಬರೆಸಿಟ್ಟಿದ್ದರು.

ಎರಡನೇ ವೆಲ್ಡಿಂಗು

ಬೇರೊಬ್ಬ ವೆಲ್ಡರ್ ಬಂದ. "ಅದಕ್ಕೆ ಸಾದಾ ರಾಡು ಆಗಲ್ಲ, ಗಟ್ಟಿ ರಾಡು ಬೇಕು" ಅಂದ. ಗಟ್ಟಿ ರಾಡು ಅಂದರೆ ಹಾರ್ಡ್‌ಫೇಸಿಂಗ್ ರಾಡು, ಬಕೆಟ್ಟಿನ ಹಲ್ಲು, ರೋಟವೇಟರ್ ಬ್ಲೇಡು ಸವೆಯದ ಹಾಗೆ ಮೇಲೆ ಲೇಪ ಹಾಕುವ ರಾಡು. ಸವೆತಕ್ಕೆ ಅದು ಶೂರ, ಎಳೆತಕ್ಕೆ ಗಾಜು. ಆ ರಾಡಿನಲ್ಲಿ ಎರಡು ತುಂಡುಗಳನ್ನು ಸೇರಿಸಿದ, ನಂಬಿಕೆ ಸಾಲದೆ ಹೊರಗಡೆಯಿಂದ ಒಂದು ಪಟ್ಟಿಯನ್ನೂ ಕೂರಿಸಿದ. ಪಟ್ಟಿ ರೋಲರಿನ ಅಂಚಿಗೆ ಉಜ್ಜತೊಡಗಿತು. ಲಿಂಕು ಎರಡನೇ ಸುತ್ತಿಗೆ ಬಿಟ್ಟುಕೊಂಡಿತು.

ನನಗೆ ಫೋನು ಬಂದದ್ದು ಆಮೇಲೆ. ಹೋದಾಗ ಮೊದಲು ಕೇಳಿದ್ದು ವೆಲ್ಡಿಂಗ್ ಬಗ್ಗೆ ಅಲ್ಲ. "ಮೇಷ್ಟ್ರೇ, ನೀವು ಓದ್ದೋರು, ನಿಜ ಹೇಳ್ಬುಡಿ. ನಿಂತಿರೋ ಗಾಡಿ ಅದ್ಹೆಂಗೆ ಒಡ್ದೋಯ್ತದೆ?"

ಅರ್ಜಿ ಯಾಕೆ ಕೊಡಲಿಲ್ಲ

ಆ ರಾತ್ರಿ ಒಡೆದ ಜಾಗ ಎರಡನೇ ವೆಲ್ಡಿಂಗಿನ ಅಡಿ ಸಿಕ್ಕಿಕೊಂಡಿತ್ತು. ಆದರೆ ಪುಣ್ಯಕ್ಕೆ ಯಜಮಾನರ ಮಗ ಅವತ್ತು ಬೆಳಗ್ಗೆ, ಠಾಣೆಗೆ ತೋರಿಸಲೆಂದೇ, ಮೊಬೈಲಿನಲ್ಲಿ ಫೋಟೊ ತೆಗೆದಿದ್ದ. ಅದನ್ನು ದೊಡ್ಡದು ಮಾಡಿ ನೋಡಿದೆ. ಬಿರುಕು ವೆಲ್ಡಿಂಗಿನ ಮೇಲೆ ಇರಲಿಲ್ಲ. ವೆಲ್ಡಿಂಗಿನ ಅಂಚಿಗೆ ಸಮವಾಗಿ, ಎರಡು ಮೂರು ಮಿ.ಮೀ. ದೂರದಲ್ಲಿ, ಲಿಂಕಿನ ಸ್ವಂತ ಉಕ್ಕಿನಲ್ಲಿ ಓಡಿತ್ತು. ಸುತ್ತಿಗೆ ಏಟಿನ ಗುರುತು ಎಲ್ಲೂ ಇಲ್ಲ. ಸುತ್ತಿಗೆ ಹೊಡೆಯುವವನು ವೆಲ್ಡಿಂಗಿನ ಅಂಚು ಹಿಡಿದು ದಾರ ಕಟ್ಟಿದ ಹಾಗೆ ಒಡೆಯುವುದಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆ್ಯಂಗಲ್, ಪಟ್ಟಿಗಳ ಸಾದಾ ಕಬ್ಬಿಣದಲ್ಲಿ ಇಂಗಾಲ ಸಾಮಾನ್ಯವಾಗಿ ಶೇಕಡಾ 0.2ರ ಒಳಗೆ. ಲಿಂಕಿನಂಥ ಉಕ್ಕಿನಲ್ಲಿ ಅದು 0.35ರ ಆಸುಪಾಸು, ಜೊತೆಗೆ ಮ್ಯಾಂಗನೀಸು, ಬೋರಾನು. ಅದು ಗಟ್ಟಿಯಾಗಲೆಂದೇ ಹುಟ್ಟಿದ ಉಕ್ಕು. ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಏನಾಗುತ್ತದೋ ವೆಲ್ಡಿಂಗಿನ ಅಂಚಿನಲ್ಲೂ ಅದೇ ಆಗುತ್ತದೆ. ನೀರು ಸುರಿಯಲೇಬೇಕೆಂದಿಲ್ಲ, ತಣ್ಣಗಿರುವ ದಪ್ಪ ಲಿಂಕೇ ನೀರಿನ ಕೆಲಸ ಮಾಡುತ್ತದೆ, ಬಿಸಿಯನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಆ ಅಂಚಿನ ಉಕ್ಕು ಮಾರ್ಟೆನ್ಸೈಟ್ ಎಂಬ ರೂಪಕ್ಕೆ ತಿರುಗಿ, ಅರ ಹಾಕಿದರೆ ಜಾರುವಷ್ಟು ಗಟ್ಟಿಯಾಗಿ, ಅಷ್ಟೇ ಪೆಡಸಾಗುತ್ತದೆ.

ಎರಡನೇ ಕಳ್ಳ ಹೈಡ್ರೋಜನ್. ರಾಡಿನ ಲೇಪದಲ್ಲಿರುವ ತೇವ, ಲಿಂಕಿನ ಮೇಲಿರುವ ಗ್ರೀಸು, ಕೆಸರು ಎಲ್ಲವೂ ಆರ್ಕಿನ ಬಿಸಿಯಲ್ಲಿ ಒಡೆದು ಹೈಡ್ರೋಜನ್ ಕೊಡುತ್ತವೆ. ಕರಗಿದ ಉಕ್ಕು ಅದನ್ನು ಕುಡಿಯುತ್ತದೆ. ತಣ್ಣಗಾದ ಮೇಲೆ ಅದು ಒಳಗೊಳಗೇ ಸರಿಯುತ್ತಾ ಆ ಪೆಡಸು ಅಂಚಿಗೆ ಬಂದು ಸೇರುತ್ತದೆ. ವೆಲ್ಡಿಂಗ್ ಕುಗ್ಗುವಾಗಿನ ಎಳೆತ ಅಲ್ಲಿ ಮೊದಲೇ ಕೂತಿರುತ್ತದೆ. ಇದಕ್ಕೆ ಗಂಟೆಗಳು ಬೇಕು, ಕೆಲವೊಮ್ಮೆ ಎರಡು ದಿನ. ಆಮೇಲೆ ಟಣ್. ಗಾಡಿ ಓಡುತ್ತಿರಬೇಕೆಂದೇನೂ ಇಲ್ಲ. ಕೋಲ್ಡ್ ಕ್ರ್ಯಾಕ್ ಎಂದು ನಾವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಸುತ್ತಿದ್ದದ್ದು ಇದೇ. ಅದರ ಶಬ್ದವನ್ನು ಕಿವಿಯಾರೆ ಕೇಳಿದವರು ಕಡಿಮೆ. ಆಪರೇಟರ್ ಕೇಳಿದ್ದ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಹರಿಯಲಿಲ್ಲ, ಮಡಿಸಿಟ್ಟರು ಅಷ್ಟೆ.

ವೆಲ್ಡಿಂಗ್ ಬಿಟ್ಟು ಚೈನು ನೋಡಿದೆ

ಲಿಂಕು ಎರಡನೇ ಸಲ, ಮೂರನೇ ಸಲ ಒಡೆದದ್ದು ವೆಲ್ಡಿಂಗಿನಿಂದ ಅಂತಿಟ್ಟುಕೊಳ್ಳೋಣ. ಮೊದಲನೇ ಸಲ ಒಡೆದಾಗ ವೆಲ್ಡಿಂಗೇ ಇರಲಿಲ್ಲವಲ್ಲ? ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮೇಲುಗಡೆ ಚೈನು ಐಡ್ಲರಿನಿಂದ, ಅಂದರೆ ಮುಂದಿನ ಚಕ್ರದಿಂದ, ಮೇಲಿನ ರೋಲರಿಗೆ ಹೋಗುವ ಜಾಗದಲ್ಲಿ ಒಂದು ನೇರ ಆ್ಯಂಗಲ್ ಇಟ್ಟು ನೋಡಿದೆ. ಈ ಗಾತ್ರದ ಗಾಡಿಗೆ ನಡುವೆ ಸುಮಾರು 20ರಿಂದ 30 ಮಿ.ಮೀ. ಜೋಲು ಇರಬೇಕು. ಇಲ್ಲಿ ಬಲಗಡೆ ಹತ್ತು ಮಿ.ಮೀ. ಇತ್ತು, ಎಡಗಡೆ ಸೊನ್ನೆ. ಕೈಯಲ್ಲಿ ಬಡಿದರೆ ತಂತಿ ಕಟ್ಟಿದ ಹಾಗೆ.

"ಯಾಕಪ್ಪ ಇಷ್ಟು ಬಿಗಿ?" ಅಂತ ಆಪರೇಟರನ್ನು ಕೇಳಿದೆ. "ಸಡ್ಲ ಬುಟ್ರೆ ಚೈನು ಕಳಚ್ಕಂಡೋಯ್ತದೆ ಮೇಷ್ಟ್ರೇ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಪಿನ್ನು, ಬುಶ್ಶು ಸವೆದು ಚೈನು ಉದ್ದವಾಗಿತ್ತು, ಐಡ್ಲರಿನ ಅಂಚೂ ಸವೆದಿತ್ತು. ತಿರುಗಿಸುವಾಗ ಕಳಚುತ್ತಿತ್ತು. ಅದಕ್ಕೆ ಅವನಿಗೆ ಗೊತ್ತಿದ್ದ ಒಂದೇ ಮದ್ದು, ಗ್ರೀಸ್ ಗನ್ನು. ಅಡ್ಜಸ್ಟರಿಗೆ ಗ್ರೀಸು ತುಂಬಿದಷ್ಟೂ ಐಡ್ಲರ್ ಮುಂದಕ್ಕೆ ಹೋಗುತ್ತದೆ, ಚೈನು ಬಿಗಿಯಾಗುತ್ತದೆ.

ಅದರ ಮೇಲೆ ಮಣ್ಣು. ನಾಲೆ ಬಯಲಿನ ಜಿಗುಟು ಕೆಸರು ಸ್ಪ್ರಾಕೆಟ್ಟಿನ ಹಲ್ಲಿನ ಸಂದಿಯಲ್ಲಿ, ಬುಶ್ಶಿನ ಮೇಲೆ ಮೆತ್ತಿಕೊಳ್ಳುತ್ತದೆ. ಸಂಜೆ ಹಾಗೇ ಬಿಟ್ಟರೆ ಬೆಳಗ್ಗೆ ಅದು ಇಟ್ಟಿಗೆ. ಬುಶ್ಶು ಹಲ್ಲಿನ ತಳಕ್ಕೆ ಕೂರಲು ಆಗದೆ ಮೇಲೇ ನಿಲ್ಲುತ್ತದೆ, ಸ್ಪ್ರಾಕೆಟ್ಟು ದಪ್ಪವಾದ ಲೆಕ್ಕ. ಮೊದಲೇ ಜೋಲಿಲ್ಲದ ಚೈನು, ಇನ್ನು ಎಲ್ಲಿಂದ ಕೊಡುತ್ತದೆ? ಎಳೆತವೆಲ್ಲ ಲಿಂಕಿನ ಸೊಂಟಕ್ಕೆ, ಅದರಲ್ಲೂ ತೂತಿರುವ ಕಡೆಗೆ. ಗದ್ದೆ ಚಿಕ್ಕದು ಅಂತ ಜೋರಾಗಿ ರಿವರ್ಸು ಬರುವ ಅಭ್ಯಾಸವೂ ಆಪರೇಟರಿಗೆ ಇತ್ತು. ಬುಶ್ಶು, ಸ್ಪ್ರಾಕೆಟ್ಟು ಸವೆಯುವುದು ಮುಂದೆ ಹೋಗುವಾಗಿಗಿಂತ ಹಿಂದೆ ಬರುವಾಗ ಹೆಚ್ಚು.

ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಇಲ್ಲಿ. ಎಷ್ಟೇ ಚೆನ್ನಾಗಿ ವೆಲ್ಡಿಂಗ್ ಮಾಡಿದರೂ ಈ ಬಿಗಿಯಲ್ಲಿ ಓಡಿಸಿದರೆ ಪಕ್ಕದ ಲಿಂಕು ಒಡೆಯುತ್ತದೆ.

ಯಾವುದನ್ನು ಆರಿಸುವುದು

ನಾಲ್ಕು ದಾರಿ ಮಾತಾಡಿದೆವು. ಹೊಸ ಚೈನು ಬೇಡ ಅಂತ ಅವರೇ ಬಿಟ್ಟಿದ್ದರು. ಒಂದೇ ಒಂದು ಹೊಸ ಲಿಂಕು ಹಾಕಿಸೋಣ ಅಂದರು. ಅದಕ್ಕೆ ನಾನು ಒಪ್ಪಲಿಲ್ಲ. ಸವೆದ ಲಿಂಕುಗಳ ನಡುವೆ ಹೊಸದು ಹಲವು ಮಿ.ಮೀ. ಎತ್ತರ ನಿಲ್ಲುತ್ತದೆ, ಪ್ರತಿ ರೋಲರೂ ಅದನ್ನು ಹತ್ತಿ ಇಳಿಯಬೇಕು, ಅಂದರೆ ರಸ್ತೆಯ ಮೇಲೆ ಹಂಪು ಕಟ್ಟಿದ ಹಾಗೆ. ಅಷ್ಟೇ ಸವೆದ ಹಳೇ ಲಿಂಕು ಗುಜರಿಯಲ್ಲಿ ಹುಡುಕಿ, ಚೈನನ್ನು ಪ್ರೆಸ್ ಇರುವ ಕಡೆ ಒಯ್ದು ಪಿನ್ನು ಒತ್ತಿ ತೆಗೆದು ಹಾಕಿಸುವುದು ಸರಿಯಾದ ದಾರಿ. ಬೆಂಗಳೂರಿಗೆ ಫೋನು ಹಚ್ಚಿದೆವು, ಸಿಗುತ್ತದೆ ಆದರೆ ಎರಡು ವಾರ ಅಂದರು. ಯಜಮಾನರ ಮುಖದಲ್ಲಿ ಕಟ್ಟೆಯ ಮಟ್ಟ ಏರಿತು.

ಕೊನೆಗೆ ಷರತ್ತು ಹಾಕಿ ವೆಲ್ಡಿಂಗಿಗೆ ಒಪ್ಪಿದೆ. ನಾಲೆಗೆ ನೀರು ಬಿಡುವವರೆಗೆ ಮಾತ್ರ. ಅಷ್ಟರಲ್ಲಿ ಹಳೇ ಚೈನು ಹುಡುಕಿಟ್ಟುಕೊಳ್ಳಬೇಕು. ಚೈನಿನ ಜೋಲು ನಾನು ಹೇಳಿದಷ್ಟು ಇರಬೇಕು. ಬಿರುಕು ಪಿನ್ನಿನ ಕಣ್ಣಿನಲ್ಲಿ ಇದ್ದಿದ್ದರೆ ಯಾವ ಷರತ್ತಿಗೂ ಒಪ್ಪುತ್ತಿರಲಿಲ್ಲ. ಪಿನ್ನನ್ನು ಹಿಡಿದಿರುವುದೇ ಆ ಕಣ್ಣಿನ ಬಿಗಿ, ಅಲ್ಲಿ ವೆಲ್ಡಿಂಗ್ ಮಾಡಿದರೆ ಆಕಾರವೂ ಹೋಯಿತು, ಹಿಡಿತವೂ ಹೋಯಿತು.

ಆಲೆಮನೆ ಪಕ್ಕದ ಎರಡು ದಿನ

ಚೈನು ಬಿಚ್ಚುವಾಗಲೇ ಒಂದು ಅನಾಹುತ ತಪ್ಪಿತು. ಯಜಮಾನರ ಮಗ ಅಡ್ಜಸ್ಟರಿನ ಗ್ರೀಸ್ ವಾಲ್ವಿನ ಎದುರಿಗೆ ಕೂತು ಸ್ಪ್ಯಾನರ್ ಹಾಕಿ ಪೂರ್ತಿ ಬಿಚ್ಚಲು ಹೊರಟಿದ್ದ. ಕೂಗಿ ನಿಲ್ಲಿಸಿದೆ. ಒಳಗಿನ ಗ್ರೀಸಿನ ಒತ್ತಡಕ್ಕೆ ವಾಲ್ವು ಗುಂಡಿನ ಹಾಗೆ ಹಾರುತ್ತದೆ. ಪಕ್ಕಕ್ಕೆ ನಿಂತು, ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಗ್ರೀಸು ತಾನಾಗೇ ಇಳಿಯಲು ಬಿಡಬೇಕು. ಚೈನು ಬಿಚ್ಚಲೆಂದೇ ಇರುವ ಮಾಸ್ಟರ್ ಪಿನ್ನು ಹೊಡೆದು ಚೈನನ್ನು ಬಿಡಿಸಿ ನೆಲದ ಮೇಲೆ ಹಾಸಿದೆವು.

ಹಳೇ ವೆಲ್ಡಿಂಗ್ ಅಷ್ಟನ್ನೂ, ಅದರ ಅಂಚಿನ ಪೆಡಸು ಉಕ್ಕನ್ನೂ ಗ್ರೈಂಡರಿನಲ್ಲಿ ತೆಗೆದೆವು. ಅರ್ಧ ದಿನ ಹೋಯಿತು. ಬಿರುಕು ಪೂರ್ತಿ ಹೋಯಿತೇ ಎಂದು ತಿಳಿಯಲು ಡೈ ಕಿಟ್ಟು ಇರಲಿಲ್ಲ. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ತಿಳಿ ಬಳಿದೆ. ಸುಣ್ಣ ಒಣಗಿ ಬೆಳ್ಳಗಾಯಿತು, ಆಮೇಲೆ ತೂತಿನ ಒಳಬದಿಯಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಒದ್ದೆ ಗೆರೆ ಎದ್ದು ಬಂತು. ಬಿರುಕಿನಲ್ಲಿ ಅಡಗಿದ್ದ ಸೀಮೆಎಣ್ಣೆ. ಅದನ್ನೂ ಉಜ್ಜಿದೆವು. ಮೂರನೇ ಸಲ ಸುಣ್ಣ ಬೆಳ್ಳಗೇ ಉಳಿಯಿತು.

ರಾಡು 7018, ಅಂದರೆ ಹೈಡ್ರೋಜನ್ ಕಮ್ಮಿ ಕೊಡುವ ರಾಡು, ನಿರ್ವಾತ ಪ್ಯಾಕಿನದು, ಮೈಸೂರಿನಿಂದ ತಂದೆ. ಬಿಚ್ಚಿಟ್ಟು ತಿಂಗಳಾದ ಪ್ಯಾಕಾದರೆ 300ರಿಂದ 350 ಡಿಗ್ರಿಯಲ್ಲಿ ಗಂಟೆ ಎರಡು ಗಂಟೆ ಒಣಗಿಸಬೇಕು, ಅಂಥ ಓವನ್ ಹಳ್ಳಿಯಲ್ಲಿಲ್ಲ. ಬಲ್ಬು ಹಾಕಿದ ಪೆಟ್ಟಿಗೆಯಲ್ಲಿಟ್ಟರೆ ಒಣಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆ ಪೆಟ್ಟಿಗೆ ಒಣಗಿಸುವುದಿಲ್ಲ, ಒಣಗಿದ್ದನ್ನು ಹಾಗೇ ಕಾಪಾಡುತ್ತದೆ ಅಷ್ಟೆ. ಕರೆಂಟನ್ನು ನಂಬದೆ ಡೀಸೆಲ್ ಡಿಸಿ ಸೆಟ್ಟು ಬಾಡಿಗೆಗೆ ತರಿಸಿದೆ. ಮಧ್ಯದಲ್ಲಿ ನಿಂತರೆ ಮೊದಲಿನ ಕತೆಯೇ.

ಇನ್ನು ಬಿಸಿ. ಇಷ್ಟು ದಪ್ಪದ ಈ ಉಕ್ಕನ್ನು ವೆಲ್ಡಿಂಗಿಗೆ ಮೊದಲೇ ಸುಮಾರು 200 ಡಿಗ್ರಿಗೆ ಕಾಯಿಸಬೇಕು, ಹಾಗಂತ ಮಿತಿಮೀರಿದರೆ ಪಕ್ಕದ ಬುಶ್ಶು, ಪಿನ್ನಿನ ಗಟ್ಟಿತನ ಕೆಡುತ್ತದೆ. ಅಳೆಯುವ ಕ್ರೇಯಾನು ನನ್ನ ಹತ್ತಿರ ಖಾಲಿಯಾಗಿತ್ತು. ರೇಡಿಯೊ ರಿಪೇರಿಯವರ ಬೆಸುಗೆ ತಂತಿ, ತವರ ಅರವತ್ತು ಸೀಸ ನಲವತ್ತರದು, ಸುಮಾರು 190ಕ್ಕೆ ಕರಗುತ್ತದೆ. ಕಲಾಯಿ ಹಾಕುವವರ ಶುದ್ಧ ತವರ 232ಕ್ಕೆ. ಎರಡನ್ನೂ ಜೇಬಿನಲ್ಲಿಟ್ಟುಕೊಂಡೆ. ಲಿಂಕಿಗೆ ತಾಗಿಸಿದಾಗ ಬೆಸುಗೆ ತಂತಿ ಹರಿಯಬೇಕು, ತವರ ಹರಿಯಬಾರದು. ಆ ಎರಡರ ನಡುವೆ ನಾವು ಇರಬೇಕು. ಇದಕ್ಕಿಂತ ಅಗ್ಗದ ಥರ್ಮಾಮೀಟರ್ ನನಗೆ ಗೊತ್ತಿಲ್ಲ.

ಕಾಯಿಸಲು ಮದುವೆ ಅಡುಗೆಯ ದೊಡ್ಡ ಗ್ಯಾಸ್ ಬರ್ನರನ್ನು ಲಿಂಕಿನ ಅಡಿ ಇಟ್ಟೆವು. ಮುಕ್ಕಾಲು ಗಂಟೆ ನಿಧಾನವಾಗಿ. ಅವಸರ ಮಾಡಿ ಲಿಂಕನ್ನು ಮಾತ್ರ ಕಾಯಿಸಿದರೆ ಕಣ್ಣು ಅಗಲವಾಗಿ ಪಿನ್ನು ಸಡಿಲವಾಗುತ್ತದೆ, ನಿಧಾನವಾದರೆ ಎರಡೂ ಜೊತೆಯಲ್ಲಿ ಹಿಗ್ಗುತ್ತವೆ. ಅಳತೆ ತಪ್ಪದಿರಲು ಪ್ಲೇಟಿನ ತೂತಿನ ಲೆಕ್ಕಕ್ಕೇ ಕೊರೆದ ಒಂದು ದಪ್ಪ ಪಟ್ಟಿಯನ್ನು ಬೋಲ್ಟು ಹಾಕಿ ಕಟ್ಟಿದ್ದೆವು. ಬಿರುಕು ದಾಟಿದ್ದ ಬೋಲ್ಟಿನ ತೂತಿಗೆ ತಾಮ್ರದ ತುಂಡೊಂದನ್ನು ತುರುಕಿದ್ದೆ, ಉಕ್ಕು ತಾಮ್ರಕ್ಕೆ ಅಂಟುವುದಿಲ್ಲ, ಆಮೇಲೆ ತಟ್ಟಿದರೆ ಬೀಳುತ್ತದೆ.

ವೆಲ್ಡಿಂಗ್ ಮಾಡಿದ್ದು ನಾನಲ್ಲ, ಮೊದಲು ಬಂದಿದ್ದ ಹುಡುಗನೇ. ನನ್ನ ಕಣ್ಣಿಗೆ ಈಗ ಆ ಸೂಕ್ಷ್ಮವಿಲ್ಲ, ಅವನ ಕೈಯಲ್ಲಿ ದೋಷವೂ ಇರಲಿಲ್ಲ. 3.15 ಮಿ.ಮೀ. ರಾಡು, 110 ಆಂಪಿಯರಿನ ಸುತ್ತಮುತ್ತ, ಹೋಲ್ಡರ್ ಪಾಸಿಟಿವ್. ಮೊದಲು ಎರಡೂ ಮುಖಕ್ಕೆ ಒಂದೊಂದು ಪದರ ಬಳಿದು, ಆಮೇಲೆ ಎರಡನ್ನೂ ಸೇರಿಸುತ್ತಾ ಬಂದ. ಆರ್ಕು ಚಿಕ್ಕದು, ವೆಲ್ಡಿಂಗಿನ ಗೆರೆ ಚಿಕ್ಕದು, ಒಂದು ಗೆರೆ ಒಳಗಡೆ ಒಂದು ಹೊರಗಡೆ. ಪ್ರತಿ ಗೆರೆಗೂ ಮೇಲೆ ಕೂರುವ ಕಿಟ್ಟ, ಅಂದರೆ ಸ್ಲ್ಯಾಗು ಬಡಿದು, ಬ್ರಶ್ಶು ಹಾಕಿ, ತಂತಿ ತಾಗಿಸಿ, ತವರ ತಾಗಿಸಿ, ಆಮೇಲೆ ಮುಂದಿನದು. ಬೆನ್ನಿನ ಮೇಲೆ ಕೊನೆಯಲ್ಲಿ ಗಟ್ಟಿ ರಾಡಿನ ಲೇಪ ಹಾಕೋಣವೇ ಎಂದು ಕೇಳಿದ. ಬೇಡ ಎಂದೆ. ಮೂರು ಬೆರಳಗಲ ಮೆತ್ತಗಿದ್ದರೆ ಸ್ವಲ್ಪ ಬೇಗ ಸವೆಯುತ್ತದೆ, ಸವೆಯಲಿ. ಗಟ್ಟಿ ಲೇಪದಲ್ಲಿ ಹುಟ್ಟುವ ಬಿರುಕು ಕೆಳಗೆ ಇಳಿಯುತ್ತದೆ.

ಮುಗಿದಾಗ ಸಂಜೆ. ಇನ್ನು ನಿಧಾನವಾಗಿ ತಣಿಸಬೇಕು. ಒಣ ಮರಳು, ಸುಣ್ಣದ ಪುಡಿ ಏನಾದರೂ ಆದೀತು. ಆದರೆ ಇನ್ನೂರು ಹೆಜ್ಜೆ ಆಚೆ ಆಲೆಮನೆಯ ಒಲೆ ಉರಿಯುತ್ತಿತ್ತು, ಕಬ್ಬಿನ ರಚ್ಚು ಉರಿದ ಬಿಸಿ ಬೂದಿ ಬುಟ್ಟಿಗಟ್ಟಲೆ. ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಆಲೆಮನೆ ಯಾರದು ಅಂತ ಎಲ್ಲರಿಗೂ ಗೊತ್ತು. ಯಜಮಾನರು ನನ್ನ ಮುಖ ನೋಡಿದರು, ನಾನು ಆಪರೇಟರಿನ ಮುಖ ನೋಡಿದೆ. ಕೊನೆಗೆ ಆಪರೇಟರೇ ಹೋಗಿ ಕೇಳಿದ. ಅವರು ಬೂದಿ ಕೊಟ್ಟದ್ದಲ್ಲದೆ ಬಾಣಲಿ ಹೊತ್ತು ಇಬ್ಬರು ಆಳನ್ನೂ ಕಳಿಸಿದರು. ಲಿಂಕಿನ ಸುತ್ತ ಇಟ್ಟಿಗೆ ಕಟ್ಟಿ ಬೂದಿ ಸುರಿದು ತಗಡು ಮುಚ್ಚಿದೆವು. ಮಾರನೇ ದಿನ ಮಧ್ಯಾಹ್ನ ಬೂದಿ ಸರಿಸಿದಾಗಲೂ ಲಿಂಕು ಕೈಗೆ ಬೆಚ್ಚಗಿತ್ತು.

ತಕ್ಷಣ ಓಡಿಸಲು ಬಿಡಲಿಲ್ಲ. ಎರಡು ರಾತ್ರಿ ಕಾದು ಮತ್ತೆ ಸೀಮೆಎಣ್ಣೆ, ಸುಣ್ಣ. ಬಿಳುಪು ಬಿಳುಪಾಗೇ ಇತ್ತು.

ನನ್ನ ತಪ್ಪು

ಆ ಎರಡು ದಿನದ ಬಿಡುವಿನಲ್ಲಿ ಒಡೆದ ಎರಡು ಪ್ಲೇಟು ಮಾಡಿಸಿದೆ. ಎಲ್ಲರಿಗೂ ಸುಸ್ತು. ಡೀಸೆಲ್ ಸೆಟ್ಟಿನ ಬಾಡಿಗೆ ಏರುತ್ತಿತ್ತು. "ಪ್ಲೇಟು ತೆಳ್ಳಗಿದೆ, ಒಂದು ಸಲ ಬರ್ನರ್ ತೋರಿಸಿ ಹಾಕಿಬಿಡು" ಎಂದು ಹುಡುಗನಿಗೆ ನಾನೇ ಹೇಳಿದೆ. ತಂತಿಯೂ ಇಲ್ಲ, ತವರವೂ ಇಲ್ಲ, ಬೂದಿಯೂ ಇಲ್ಲ. ಈ ಪ್ಲೇಟುಗಳೂ ಬೋರಾನ್ ಉಕ್ಕನ್ನು ಗಟ್ಟಿ ಮಾಡಿದವೇ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಎಂಟನೇ ದಿನ ಅದರಲ್ಲೊಂದು ವೆಲ್ಡಿಂಗಿನ ಅಂಚಿನಲ್ಲೇ ಒಡೆಯಿತು. ಮೊದಲ ಫೋಟೊದಲ್ಲಿ ನಾನು ಬೆರಳಿಟ್ಟು ತೋರಿಸಿದ್ದ ಅದೇ ಗೆರೆ. ಹುಡುಗ ಏನೂ ಹೇಳಲಿಲ್ಲ. ನಕ್ಕ ಅಷ್ಟೆ. ಗುಜರಿಯಿಂದ ಹಳೇ ಪ್ಲೇಟು ತಂದು ಹಾಕಿದೆವು. ಪ್ಲೇಟು ಬೋಲ್ಟಿನಲ್ಲಿ ಬಿಚ್ಚಿ ಹಾಕುವ ವಸ್ತು, ಅದಕ್ಕೆ ವೆಲ್ಡಿಂಗ್ ಯಾಕೆ ಹಚ್ಚಿಸಿದೆನೋ.

ಉಳಿದ ಬೇಸಿಗೆ

ಚೈನಿಗೆ 25 ಮಿ.ಮೀ. ಜೋಲು ಬಿಟ್ಟೆವು, ಅದೂ ಗಾಡಿಯನ್ನು ಒಂದಷ್ಟು ಕೆಸರಿನಲ್ಲಿ ಓಡಿಸಿ, ಮಣ್ಣು ಮೆತ್ತಿಕೊಂಡ ಮೇಲೆ ಅಳೆದು. ತೊಳೆದ ಗಾಡಿಯಲ್ಲಿ ಅಳೆದರೆ ಗದ್ದೆಗಿಳಿದ ಗಂಟೆಯಲ್ಲಿ ಮತ್ತೆ ತಂತಿಯಾಗುತ್ತದೆ. ಸಡಿಲ ಬಿಟ್ಟ ಮೇಲೆ ಚೈನು ಕಳಚಬಾರದಲ್ಲ, ಅದಕ್ಕೆ ಒಂದೇ ಉಪಾಯವಿತ್ತು, ಆಪರೇಟರ್ ತಿರುಗಿಸುವ ರೀತಿ ಬದಲಾಗಬೇಕಿತ್ತು. ನಿಂತಲ್ಲೇ ಗಿರ್ರನೆ ತಿರುಗಿಸುವುದನ್ನು ಬಿಟ್ಟು ಅಗಲವಾಗಿ ಹೊರಳಿಸುವುದು, ರಿವರ್ಸು ನಿಧಾನ, ಸಂಜೆ ಕೆಲಸ ಬಿಡುವ ಮೊದಲು ಹಾರೆಯಲ್ಲಿ ಸ್ಪ್ರಾಕೆಟ್ಟಿನ ಮಣ್ಣು ಕೆರೆಯುವುದು. ಮೊದಲ ವಾರ ಅವನಿಗೆ ಸಿಟ್ಟಿತ್ತು, ದಿನಕ್ಕೆ ಅರ್ಧ ಎಕರೆ ಕಡಿಮೆ ಆಗುತ್ತಿತ್ತಂತೆ. ಒಂದು ಸಲ ಕಳಚಿತು ಕೂಡ. ಮತ್ತೆ ಗ್ರೀಸ್ ಗನ್ನು ಹಿಡಿಯಬೇಡ ಎಂದು ಫೋನಿನಲ್ಲೇ ಜಗಳ ಮಾಡಿದೆ.

ಮೂರನೇ ವಾರ ನಾನು ಹೋದಾಗ ಅನುಮಾನಕ್ಕೆ ಎಡಗಡೆಯ ಎಲ್ಲಾ ಲಿಂಕಿಗೂ ಸುಣ್ಣ ಬಳಿಸಿದೆ. ವೆಲ್ಡಿಂಗ್ ಮಾಡಿದ್ದು ಸರಿಯಿತ್ತು. ಅದರಿಂದ ನಾಲ್ಕನೇ ಲಿಂಕಿನಲ್ಲಿ, ಯಾರೂ ಮುಟ್ಟದೇ ಇದ್ದ ಲಿಂಕಿನಲ್ಲಿ, ಬೋಲ್ಟಿನ ತೂತಿನಿಂದ ಒಂದು ಇಂಚಿನ ಗೆರೆ. ಹಳೇ ಬಿಗಿಯ ಕಾಲದಲ್ಲೇ ಹುಟ್ಟಿದ್ದಿರಬೇಕು. ಅದಕ್ಕೂ ವೆಲ್ಡಿಂಗ್ ಮಾಡಿಬಿಡೋಣ ಎಂದು ಯಜಮಾನರು. ನಾನು ಒಪ್ಪಲಿಲ್ಲ. ಗೆರೆಯ ತುದಿಗೆ ಸೆಂಟರ್ ಪಂಚಿನಲ್ಲಿ ಗುರುತು ಹಾಕಿ, ದಿನಾ ಬೆಳಗ್ಗೆ ನೋಡು, ಗುರುತು ದಾಟಿದರೆ ಗಾಡಿ ನಿಲ್ಲಿಸು ಎಂದು ಆಪರೇಟರಿಗೆ ಹೇಳಿದೆ. ಕೆರೆ ಹೂಳಿನ ಭಾರದ ಕೆಲಸ ಬಿಟ್ಟು ಮಟ್ಟದ ಕೆಲಸ ಮಾತ್ರ ಮಾಡಿಸಿದರು. ನಾಲೆಗೆ ನೀರು ಬಂದ ದಿನದವರೆಗೂ ಗೆರೆ ಗುರುತು ದಾಟಲಿಲ್ಲ.

ಆ ಮಳೆಗಾಲದಲ್ಲಿ ಎರಡೂ ಕಡೆಗೆ ಅರ್ಧ ಸವೆದ ಒಂದು ಜೊತೆ ಹಳೇ ಚೈನು ಸಿಕ್ಕಿತು. ಬಿಚ್ಚಿದ ಚೈನು ಗುಜರಿಗೆ ಹೋಗುವ ಮುಂಚೆ ಆ ಒಂದು ಲಿಂಕನ್ನು ನಾನು ಕೇಳಿ ತೆಗೆದುಕೊಂಡೆ. ಪವರ್ ಹ್ಯಾಕ್ಸಾದಲ್ಲಿ ವೆಲ್ಡಿಂಗಿಗೆ ಅಡ್ಡಲಾಗಿ ಕೊಯ್ಸಿ, ಉಜ್ಜಿ ನುಣುಪು ಮಾಡಿ ನೋಡಿದೆ. ಅಂಚಿನಲ್ಲಿ ಬಿರುಕಿಲ್ಲ. ಆದರೆ ನಡುವೆ, ಒಳಗಿನ ಗೆರೆ ಹೊರಗಿನ ಗೆರೆಯನ್ನು ಸೇರುವ ತಳದಲ್ಲಿ, ಅಕ್ಕಿಕಾಳಿನಷ್ಟು ಒಂದು ಸ್ಲ್ಯಾಗು ಕರ್ರಗೆ ಕೂತಿತ್ತು. ಇನ್ನೊಂದು ಬೇಸಿಗೆಗೆ ಅದನ್ನು ನಾನು ಬಿಡುತ್ತಿರಲಿಲ್ಲ. ಹುಡುಗನನ್ನು ಕರೆಸಿ ತೋರಿಸಿದೆ. ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿ, "ಆರನೇ ಗೆರೆ ಮೇಷ್ಟ್ರೇ, ಅಲ್ಲಿ ಬ್ರಶ್ಶು ಸರಿಯಾಗಿ ಹೋಗ್ಲಿಲ್ಲ" ಅಂದ.